ಮೀನಿನ ವಾಸನೆ ಹೋಯಿತೆ, ರಯ್ಯಾ?

ಸೂರ್, ಒಮಾನ್
6 ಫೆಬ್ರವರಿ 2022, ಭಾನುವಾರ

ಸೂರ್ ಪಟ್ಟಣದ ಸಮಸ್ತ ಧೂಪಸಾಮ್ರಾಜ್ಯದ ಚಕ್ರವರ್ತಿನಿ, ಗಂಧ ಅಗರು ಕಸ್ತೂರಿಗಳ ಮಹಾದಂಡನಾಯಕಿ, ಹದಿನಾಲ್ಕು ಮೊಮ್ಮಕ್ಕಳ ಕಿವಿ ಹಿಂಡಿದ ಬಲಗೈಯ ಒಡತಿ, ಸದ್ಯಕ್ಕೆ ಮತ್ರಹದ ಮಗಳ ಮನೆಯಲ್ಲಿ ತಮ್ಮನ್ನು ತಾವೇ ಗಡೀಪಾರು ಮಾಡಿಕೊಂಡು ಕುಳಿತಿರುವ ಮಹಾಮಾತೆ ನಸ್ರಾ ಬಿಂತ್ ಮುಬಾರಕ್ ಅವರ ಸನ್ನಿಧಾನಕ್ಕೆ,

ತಮ್ಮ ನೆತ್ತಿಗೂ ಮೇಲೆ ಹೇಳಿದ ಬಲಗೈಗೂ ಮುತ್ತಿಟ್ಟು, ಸಲಾಮು ಹೇಳಿ, ಮೊಮ್ಮಗಳು ರಯ್ಯಾ ಬಿನ್ನವಿಸಿಕೊಳ್ಳುವುದೇನೆಂದರೆ: ಇಲ್ಲಿ ಯಾರೂ ಕ್ಷೇಮವಾಗಿಲ್ಲ.

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಮೊದಲ ವಾರ ತಾವು ಫೋನು ಎತ್ತುತ್ತೀರಿ ಎಂದು ಕಾದೆ. ಎರಡನೆಯ ವಾರ ಸಲೀಮಾ ಅತ್ತೆ ಹೇಳಿದಳು, ತಾವು ಫೋನನ್ನು ಅವಳ ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದೀರೆಂದು. ಹಾಗಾಗಿ ಕಾಗದ. ಸಿಟ್ಟಿನ ಭರದಲ್ಲಿ ತಾವು ಹೊಲಿಗೆ ಯಂತ್ರದ ಮೇಲೆ ಬಿಟ್ಟುಹೋದ ಕನ್ನಡಕವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಅಕ್ಷರಗಳನ್ನು ತಮ್ಮ ವಯಸ್ಕರ ಶಾಲೆಯ ಪುಸ್ತಕದಷ್ಟೇ ದಪ್ಪಗೆ ಬರೆದಿದ್ದೇನೆ. ಕಣ್ಣು ನೋಯುತ್ತದೆ ಎಂದು ಅತ್ತೆಯ ಕೈಗೆ ಓದಲು ಕೊಡಬೇಡಿ. ಇದು ನಮ್ಮಿಬ್ಬರ ನಡುವಿನದು.

ಈಗ ವಿಚಾರಣಾ ವರದಿ. ಘಟನೆ ನಡೆದಾಗ ತಾವೂ ಅಲ್ಲೇ ಇದ್ದಿರಿ, ನಿಜ. ಆದರೆ ವರದಿ ಎಂದಮೇಲೆ ಮೊದಲಿನಿಂದಲೇ ಬರಬೇಕು.

ಜನವರಿ ಇಪ್ಪತ್ತು, ಗುರುವಾರ. ಕೊಲ್ಲಿಯ ಆಚೆ ದಡದ ಐಜಾದಿಂದ ಮೌಜಾ ತನ್ನ ಇಬ್ಬರು ತಂಗಿಯರನ್ನು ಕರೆದುಕೊಂಡು, ಮಗ ಖಲ್ಫಾನ್‌ಗೆ ನಮ್ಮ ಬುಥೈನಾ ಅಕ್ಕನನ್ನು ಕೇಳಲು ಬಂದರು. ಖಾವಾ ಕಾಫಿ ಆಯಿತು, ಖರ್ಜೂರ ಆಯಿತು, ಹಲ್ವದ ತಟ್ಟೆಯಲ್ಲಿ ಬೆರಳ ಗುರುತುಗಳಷ್ಟೇ ಉಳಿದವು. ಅಕ್ಕ ಎರಡು ಸಲ ಬಂದು ಎರಡು ಸಲ ನಾಚಿ ಹೋದಳು. ಕೈಗಳಿಗೆ ಪನ್ನೀರು ಚಿಮುಕಿಸಿದ್ದೂ ಆಯಿತು. ಇನ್ನು ಧೂಪ ಹಿಡಿಯುವುದು, ಅವರು ಎದ್ದು ಹೊರಡುವುದು, ಅಷ್ಟೇ ಬಾಕಿ. ಆಗ ತಾವು ಆ ಡಬ್ಬವನ್ನು ತಂದಿರಿ. ಡಿಸೆಂಬರಿನಲ್ಲಿ ಕಲಸಿ, ಬಟ್ಟೆ ಕಟ್ಟಿ, ನಲವತ್ತು ದಿನ ಯಾರೂ ಮುಟ್ಟಬಾರದೆಂದು ಉಗ್ರಾಣದಲ್ಲಿಟ್ಟಿದ್ದ ಹೊಸ ಧೂಪ. ಅತಿಥಿಗಳ ಕಣ್ಣೆದುರೇ ಬಟ್ಟೆ ಬಿಚ್ಚಿದಿರಿ. ಮುಚ್ಚಳ ತೆಗೆದಾಗ ಕಸ್ತೂರಿಯದೇ ಪರಿಮಳ ಬಂತಂತೆ. ಅಲ್ಲಿಯವರೆಗೆ ಎಲ್ಲರೂ ಸಾಕ್ಷಿ, ಎಲ್ಲವೂ ಸರಿ.

ಆಮೇಲೆ ಕೆಂಡದ ಮೇಲೆ ಒಂದು ತುಂಡು ಇಟ್ಟು ಕುಡಿಕೆಯನ್ನು ನನ್ನ ಕೈಗೆ ಕೊಟ್ಟಿರಿ. ನಾನು ಹೊತ್ತೆ. ಮೌಜಾ ತನ್ನ ಮೇಲ್ಮುಸುಕಿನ ಎರಡು ತುದಿಯನ್ನೂ ಹೊಗೆಯ ಮೇಲೆ ಗೂಡಿನಂತೆ ಹರಡಿದಳು. ಮರುಕ್ಷಣ ಅವಳ ಮುಖ ಮರದ ಹಲಗೆಯಂತಾಯಿತು. “ಮಾಶಾ ಅಲ್ಲಾ” ಅಂದಳು. ಮೊದಲ ತಂಗಿ ಮಾಶಾ ಎಂದಳು, ಅಲ್ಲಾ ಎನ್ನುವಷ್ಟರಲ್ಲಿ ಕೆಮ್ಮು ಬಂತು. ಎರಡನೆಯವಳು ಉಸಿರು ಬಿಗಿಹಿಡಿದು ಎರಡೂ ತೋಳಿಗೆ ಹೊಗೆ ಹಿಡಿಸಿಕೊಂಡಳು. ಹಿರಿಯರ ಕೈಯ ಧೂಪವನ್ನು ಬೇಡ ಎನ್ನುವ ಹೆಂಗಸು ನಮ್ಮ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲವಲ್ಲ. ಬಾಗಿಲ ಹತ್ತಿರ ಅಕ್ಕ ನನಗೆ ಕಣ್ಣಲ್ಲಿ ಏನೇನೋ ಸನ್ನೆ ಮಾಡಿದಳು. ಮದುವೆ ಹೆಣ್ಣಿನ ಗಾಬರಿ ಎಂದುಕೊಂಡು ನಾನು ನಗುತ್ತಾ ಎರಡನೆಯ ಸುತ್ತು ಹೊರಟೆ. “ಇನ್ನೊಂದು ತುಂಡು ಹಾಕು” ಅಂದಿರಿ. ಹಾಕಿ, ಊದಿಯೂ ಊದಿದೆ.

ಅವರು ಹೋದಮೇಲೆ ತಾವು ದಿಂಬಿಗೆ ಒರಗಿ ಹೇಳಿದ ಮಾತು ನನಗೆ ಬಾಯಿಪಾಠ. “ನೋಡಿದ್ಯಾ, ಮೌಜಾಳ ಕಣ್ಣಲ್ಲಿ ನೀರೇ ಬಂತು. ನಮ್ಮನೆ ಧೂಪ ಅಂದ್ರೆ ಹಾಗೆ.”

ನೀರು ಬಂದದ್ದು ಸತ್ಯ. ವರದಿಯಲ್ಲಿ ದಾಖಲಾಗಿದೆ.

ಮುಂದಿನದು ಅಡುಗೆಮನೆಯ ಪ್ರಕರಣ. ಅಮ್ಮ ಲೋಟ ತೊಳೆಯುತ್ತಾ, ತುಂಬಾ ಮೆಲ್ಲಗೆ, ಮೂರು ಸಲ ಗಂಟಲು ಸರಿಮಾಡಿಕೊಂಡು ಅಂದಳು: “ಅತ್ತೇ, ಕೋಪ ಮಾಡ್ಕೋಬೇಡಿ. ಇವತ್ತಿನ ಧೂಪದಲ್ಲಿ ಕಡಲು ಇಳಿದಾಗ ದಡದಲ್ಲಿ ಬರೋ ವಾಸನೆ ಇತ್ತು.”

“ಇಬ್ರಾದ ಮರಳಲ್ಲಿ ಹುಟ್ಟಿದ ಮೂಗಿಗೆ ಕಡಲ ವಾಸನೆ ಏನೇ ಗೊತ್ತು?”

“ಇಪ್ಪತ್ತಾರು ವರ್ಷದಿಂದ ಈ ಮನೇಲಿ ಮೀನು ತೊಳೀತಿರೋ ಮೂಗು ಅತ್ತೆ ಇದು.”

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪ ನಡುವೆ ಬಾಯಿ ಹಾಕಿ, ಧೂಪಕ್ಕೆ ಹಾಕುವ ಉಗುರು ಸರಿಯಾಗಿ ಬೆಂದಿರಲಿಲ್ಲವೇನೋ ಎಂದುಬಿಟ್ಟರು. ದೋಣಿ ಕಟ್ಟುವವರಿಗೆ ಧೂಪದ ಉಸಾಬರಿ ಯಾಕೆ ಬೇಕಿತ್ತೋ. ಕಡಲ ಶಂಖದ ಹುಳು ತನ್ನ ಬಾಗಿಲಿಗೆ ಮುಚ್ಚಿಕೊಳ್ಳುವ ಆ ಕಂದು ಚಿಪ್ಪು, ನಾವು ಉಗುರು ಎನ್ನುವ ಆ ಪೀಡೆ, ಹದವಾಗಿ ಬೆಂದರೆ ಇಡೀ ಧೂಪವನ್ನು ಎತ್ತಿ ಹಿಡಿಯುತ್ತದೆ. ಬೇಯದಿದ್ದರೆ ಕೆಂಡ ತಾಗಿದೊಡನೆ ಸತ್ತ ಮೀನು ಎದ್ದು ಕೂರುತ್ತದೆ. ಇದು ಊರಿನ ಆರು ವರ್ಷದ ಹುಡುಗಿಗೂ ಗೊತ್ತು. ಅಂಥದ್ದರಲ್ಲಿ ಅದನ್ನು ನಸ್ರಾ ಬಿಂತ್ ಮುಬಾರಕ್‌ಗೆ ಹೇಳುವುದೆಂದರೆ. ತಾವು ಸೆಟೆದು ನಿಂತು ಹೇಳಿದಿರಿ: “ಉಗುರು ಸರಿಯಾಗೇ ಬೆಂದಿತ್ತು. ನನ್ನ ಹತ್ರ ಸಾಕ್ಷಿ ಇದೆ. ನಿನ್ನ ಹೆಂಡ್ತಿ ಡಬ್ಬನ ಒಣ ಶಾರ್ಕ್ ಪಕ್ಕ ಇಟ್ಟಿದ್ಲು, ಬೇಕಂತಲೇ.”

ಅಮ್ಮನ ಕೈಯಿಂದ ಲೋಟ ಜಾರಲಿಲ್ಲ, ಕಣ್ಣೀರೂ ಬರಲಿಲ್ಲ. ಅವಳು ನಲ್ಲಿ ಮುಚ್ಚಿ ಒಳಗೆ ಹೋದಳು. ಅಂದಿನಿಂದ ತಮ್ಮ ಹೆಸರೆತ್ತಿಲ್ಲ. ಸಾಕ್ಷಿ ಯಾರು ಎಂದು ಅಪ್ಪ ಕೇಳಿದರು. ತಾವು ಬಾಯಿ ಬಿಡಲಿಲ್ಲ. ಮೂರನೆಯ ದಿನ ಪೆಟ್ಟಿಗೆ ಕಟ್ಟಿಕೊಂಡು ಮತ್ರಹಕ್ಕೆ ಹೊರಟಿರಿ.

ಆ ಸಾಕ್ಷಿ ನಾನು. ತೀರಿಹೋದ ಅಜ್ಜನ ಆಣೆ ಇಟ್ಟಿದ್ದೀರಿ, ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹೋದ ಬೇಸಗೆಯಲ್ಲಿ ಊರಿಗೆಲ್ಲ ಬಂದ ಆ ಜ್ವರ ನಮ್ಮ ಮನೆಯಲ್ಲಿ ನಮ್ಮಿಬ್ಬರಿಗಷ್ಟೇ ಬಂದು, ಹದಿನೆಂಟು ದಿನ ಹಿಂದಿನ ಕೋಣೆಯಲ್ಲಿ ನಮ್ಮನ್ನು ಕೂಡಿಹಾಕಿದ್ದರಲ್ಲ. ಅಲ್ಲಿಂದ ಹೊರಬಂದಾಗ ತಮ್ಮ ಮೂಗು ಒಳಗೇ ಉಳಿಯಿತು. ನನ್ನ ಮೂಗು ಮರಳಿದೆಯೆಂದು ನಾನು ಅಂಗಳದಲ್ಲಿ ನಿಂತು ಸಾರಿದ್ದೆ. ಊರಿಗೇ ಧೂಪ ಕಲಿಸಿದವಳಿಗೆ ವಾಸನೆ ತಿಳಿಯುವುದಿಲ್ಲ ಎಂಬುದು ಸೊಸೆಗೆ ಗೊತ್ತಾಗಬಾರದು, ಮಗನಿಗೆ ಗೊತ್ತಾಗಬಾರದು. ಡಿಸೆಂಬರಿನಲ್ಲಿ ಉಗುರು ಬೇಯಿಸುವಾಗ ನನ್ನನ್ನು ಮಡಕೆಯ ಪಕ್ಕ ಕೂರಿಸಿಕೊಂಡಿರಿ. ಪ್ರತಿ ಕುದಿಗೂ ಅದೇ ಪ್ರಶ್ನೆ. “ಮೀನು ಹೋಯ್ತಾ, ರಯ್ಯಾ?” ಮೂರನೆಯ ಕುದಿಗೆ ನಾನು ಗಂಭೀರವಾಗಿ ಮೂಸಿ, “ಹೋಯ್ತು ಅಜ್ಜಿ” ಅಂದೆ. ತಾವು ಹೊರಡುವ ಮುನ್ನ ಉಗ್ರಾಣಕ್ಕೆ ಕರೆದು ಮತ್ತೆ ಕೇಳಿದಿರಿ, ನಿಜವಾಗಿಯೂ ಹೋಗಿತ್ತಾ ಎಂದು. ಹೋಗಿತ್ತು ಎಂದೆ.

ಈಗ ಮನೆಯ ಸ್ಥಿತಿ ಕೇಳಿ. ಹದಿನೇಳು ದಿನವಾಯಿತು, ಮೌಜಾಳ ಕಡೆಯಿಂದ ಹೌದು ಇಲ್ಲ ಒಂದೂ ಇಲ್ಲ. ಅಕ್ಕ ಒಂದೇ ಅಂಗಿಯನ್ನು ದಿನಕ್ಕೆರಡು ಸಲ ಇಸ್ತ್ರಿ ಮಾಡುತ್ತಾಳೆ. ಅಪ್ಪ ಊಟದ ಹೊತ್ತಿಗೂ ದೋಣಿ ಕಟ್ಟೆಯಲ್ಲೇ ಇರುತ್ತಾರೆ. ಬಂದವರಿಗೆ ಹಿಡಿಯಲು ಅಮ್ಮ ಅಂಗಡಿಯ ಧೂಪ ತಂದಿದ್ದಾಳೆ. ಬಣ್ಣದ ಕಾಗದದ ಪೆಟ್ಟಿಗೆ, ಮೇಲೆ ಒಂಟೆಯ ಚಿತ್ರ. ಅದನ್ನು ಹಚ್ಚಿದರೆ ನಮ್ಮ ಮನೆ ಹೋಟೆಲಿನಂತೆ ಇರುತ್ತದಂತೆ. ಇಷ್ಟೆಲ್ಲದರ ನಡುವೆ ಇವರ ಅನುಮಾನ ಯಾರ ಮೇಲೆ? ನನ್ನ ಮೇಲೆ. ಹೋದ ಈದ್‌ನಲ್ಲಿ ಅಪ್ಪನ ಟೋಪಿಯೊಳಗೆ ಹಲ್ವ ಅಂಟಿಸಿದ್ದು, ಅಕ್ಕನ ಪೆಟಿಕೋಟಿಗೆ ಮೇಕೆಯ ಗಂಟೆ ಹೊಲಿದದ್ದು, ಎಲ್ಲ ಹಳೆಯ ಪ್ರಕರಣ ಹೊರಗೆ ತೆಗೆದಿದ್ದಾರೆ. ಡಬ್ಬಕ್ಕೆ ನಾನೇ ಏನೋ ಹಾಕಿದೆನಂತೆ, ಅದಕ್ಕೇ ಅಷ್ಟು ನಗುತ್ತಾ ಸುತ್ತು ಬಂದೆನಂತೆ. ನಾನು ಏನೂ ಹಾಕಿಲ್ಲ ಅಂದರೆ ಅಕ್ಕ ಹೇಳುತ್ತಾಳೆ: “ನೀನು ದೂರ ನಿಂತ್ಕೊಂಡು ಮಾತಾಡೇ. ಮೈಮೇಲೆ ಅರ್ಧ ಸೀಸೆ ಅತ್ತರು ಸುರ್ಕೊಂಡಿದ್ದೀಯ, ಮೇಕೆ ಸೀನ್ತಾ ಇದೆ.”

ಬದುಕಿನಲ್ಲಿ ಮೊದಲ ಬಾರಿಗೆ ತುಂಟತನ ಮಾಡದೆ ಸಿಕ್ಕಿಬಿದ್ದಿದ್ದೇನೆ. ಇದು ನ್ಯಾಯವೇ, ಚಕ್ರವರ್ತಿನಿ?

ಹಾಗಾಗಿ ಬಿನ್ನಹ: ಬನ್ನಿ. ಅಮ್ಮನಿಗೆ ಎರಡು ಮಾತು ಹೇಳಿ, ಉದ್ದ ಬೇಕಿಲ್ಲ. ತಮಗೆ ಆ ಎರಡು ಮಾತು ಬಾಯಿಗೆ ಬರದಿದ್ದರೆ ನಾನೇ ಬರೆದುಕೊಡುತ್ತೇನೆ, ದಪ್ಪ ಅಕ್ಷರದಲ್ಲಿ.

ತಮ್ಮ ಆಜ್ಞಾಧಾರಕಳೂ ಈ ಬಾರಿ ನಿರಪರಾಧಿಯೂ ಆದ
ರಯ್ಯಾ

ಮ.ಮ.: ಕಾಗದವನ್ನು ಮೀನಿನ ಟ್ರಕ್ಕಿನ ಸುಹೈಲ್ ತರುತ್ತಾನೆ. ಮೀನು ನಾರಿದರೆ ತಪ್ಪು ಅವನದು. ನಿನಗೆ ಹೇಗೂ ತಿಳಿಯುವುದಿಲ್ಲ, ಬಿಡು.


ಸೂರ್
15 ಫೆಬ್ರವರಿ 2022, ಮಂಗಳವಾರ

ಅಜ್ಜೀ,

ಸಲಾಮು. ಬಿರುದುಗಳನ್ನು ಈ ಸಲ ಬಿಟ್ಟಿದ್ದೇನೆ. ಒಂದು ಇಡೀ ಮಧ್ಯಾಹ್ನ ಕೂತು ಹುಡುಕಿ ಬರೆದ ಬಿರುದುಗಳಿಗೆ ನೀನು ಕೊಟ್ಟ ಮರ್ಯಾದೆ ನೋಡಿದೆನಲ್ಲ.

ಉತ್ತರ ಬರೆಯದೆ ಸುಹೈಲನ ಬಾಯಲ್ಲಿ ಹೇಳಿಕಳಿಸಿದ್ದೀಯ. ಅವನು ಅದನ್ನು ನನ್ನ ಕಿವಿಯಲ್ಲಿ ಹೇಳಿದನೆಂದುಕೊಂಡೆಯಾ? ಟ್ರಕ್ಕು ನಿಲ್ಲಿಸಿ, ಅಂಗಳದ ನಡುವೆ ನಿಂತು, ಒಂದು ಕೈಯಲ್ಲಿ ಟ್ಯೂನಾ ಮೀನಿನ ಬಾಲ ಹಿಡಿದು, ನೆರೆಯ ಮೂರು ಮನೆಗೆ ಕೇಳುವಂತೆ ಒಪ್ಪಿಸಿದ: “ಅಕ್ಷರ ದೊಡ್ಡದಾಗಿದೆ, ಬುದ್ಧಿ ದೊಡ್ಡದಾಗಿಲ್ಲ ಅಂತ ಹೇಳು. ನನ್ನ ಧೂಪ ನಾರ್ತು ಅಂದವಳು ಇಲ್ಲಿಗೆ ಬಂದು ತಪ್ಪಾಯ್ತು ಅನ್ಲಿ. ಅಲ್ಲೀತನಕ ನನ್ನ ಮುಖ ನೋಡೋದು ಬೇಡ.” ಹೇಳಿ ಮುಗಿಸಿ, ಇನ್ನೇನೂ ಇಲ್ಲವೆಂದು ತಲೆ ಬಗ್ಗಿಸಿ ವಂದಿಸಿದ ಬೇರೆ. ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ಅವನ ಕೈಯ ಮೀನು ಇಸಿದುಕೊಂಡು ಒಳಗೆ ಹೋದಳು. ಆ ದಿನ ಮೀನು ಹೆಚ್ಚಿದ ಸದ್ದು ದೋಣಿ ಕಟ್ಟೆಗೂ ಕೇಳಿಸಿತೆಂದು ಅಪ್ಪ ಹೇಳಿದರು.

ನಿಮ್ಮಿಬ್ಬರ ನಡುವೆ ಸಿಕ್ಕಿ ನನಗೆ ತಲೆ ಚಿಟ್ಟುಹಿಡಿದಿದೆ. ಆದರೆ ಈಗ ಬರೆಯುತ್ತಿರುವುದು ಬೈಯಲಿಕ್ಕಲ್ಲ, ಸುದ್ದಿ ಇದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮೌಜಾ ಬಂದಳು. ಹೇಳದೆ ಕೇಳದೆ, ಒಬ್ಬಳೇ. ಅಕ್ಕ ಹಿತ್ತಿಲ ಬಾಗಿಲಿಂದ ಓಡಿಹೋಗಿ ಕೋಳಿಗೂಡಿನ ಹಿಂದೆ ನಿಂತಳು. ಅಮ್ಮ ಖಾವಾ ತಂದಿಟ್ಟಳು. ಮೌಜಾ ಎರಡು ಖರ್ಜೂರ ತಿಂದು, ಬೀಜವನ್ನು ತಟ್ಟೆಯ ಅಂಚಿಗೆ ಇಟ್ಟು, ಆ ದಿನದ ಮುಸುಕನ್ನು ನಾಲ್ಕು ಸಲ ಒಗೆದದ್ದನ್ನೂ ತಾರಸಿಯ ಮೇಲೆ ಹರವಿದರೆ ಐಜಾದ ಬೆಕ್ಕುಗಳೆಲ್ಲ ಅದರ ಕೆಳಗೆ ಬಂದು ಕೂತದ್ದನ್ನೂ ಹೇಳಿದಳು. ಹೇಳುತ್ತಾ ನಕ್ಕಳು. ಅಮ್ಮ ನೆಲ ನೋಡುತ್ತಾ ಕ್ಷಮೆ ಕೇಳತೊಡಗಿದಾಗ ಅವಳ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು.

“ನಾನು ಹುಡುಗಿ ಬೇಡ ಅನ್ನೋಕೆ ಬಂದಿಲ್ಲ ಕಣಮ್ಮ. ನನ್ನ ಮದುವೆ ದಿನ ನನ್ನ ಕೂದಲಿಗೆ ಹೊಗೆ ಹಿಡಿದವರು ನಸ್ರಾ. ಮೂರು ದಿನ ಆ ಪರಿಮಳ ದಿಂಬಿನಿಂದ ಹೋಗಿರ್ಲಿಲ್ಲ. ಅಂಥವರ ಕೈ ತಪ್ಪಿದೆ ಅಂದ್ರೆ ಅವರಿಗೇನೋ ಆಗಿದೆ. ಅದನ್ನ ಕೇಳೋಣ ಅಂತ ಬಂದೆ.”

ಅತ್ತೆ ತಮ್ಮ ಮಗಳನ್ನು ನೋಡಲು ಹೋಗಿದ್ದಾರೆ ಎಂದಳು ಅಮ್ಮ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೌಜಾ ಬಹಳ ಹೊತ್ತು ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಈ ಶುಕ್ರವಾರ ಗಂಡಸರನ್ನೂ ಕರೆದುಕೊಂಡು ಮಾತು ಮುಗಿಸಲು ಬರುತ್ತೇವೆ ಎಂದಳು. ಎದ್ದು ಚಪ್ಪಲಿ ಮೆಟ್ಟಿಕೊಂಡವಳು ತಿರುಗಿ ನಿಂತು, “ನಸ್ರಾ ಇರ್ತಾರಲ್ಲ? ಮನೆಯ ಹಿರಿಯರಿಲ್ಲದೆ ನಾವು ಮಾತು ಮುಗಿಸೋದಿಲ್ಲ. ಧೂಪ ಅವರ ಕೈಯಿಂದಲೇ ಆಗ್ಬೇಕು” ಎಂದು ಹೊರಟಳು.

ಗೊತ್ತಾಯಿತಾ? ಶುಕ್ರವಾರ ನೀನಿಲ್ಲದಿದ್ದರೆ ಖಾವಾ ಇದೆ, ಹಲ್ವ ಇದೆ, ಅಕ್ಕನಿಗೆ ಗಂಡಿಲ್ಲ. ಅವಳು ಕೋಳಿಗೂಡಿನ ಹಿಂದಿನಿಂದ ಎಲ್ಲ ಕೇಳಿಸಿಕೊಂಡು ಬಂದು, ತಲೆಗೆ ಅಂಟಿದ್ದ ಪುಕ್ಕವನ್ನೂ ತೆಗೆಯದೆ, ನಿನ್ನ ಖಾಲಿ ಹಾಸಿಗೆಯ ಮೇಲೆ ಕೂತು ಅತ್ತಳು. ಆ ಪುಕ್ಕ ನೋಡಿಯೂ ನಾನು ಒಂದು ಮಾತು ಅನ್ನಲಿಲ್ಲ. ಪರಿಸ್ಥಿತಿ ಎಲ್ಲಿಗೆ ಬಂದಿದೆ ಎಂದು ಇದರಿಂದಲೇ ತಿಳಿದುಕೋ.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಮೌಜಾ ಹೋದಮೇಲೆ ಅಮ್ಮ ಉಗ್ರಾಣಕ್ಕೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಇಣುಕಿದೆ. ನಿನ್ನ ಡಬ್ಬ ತೆಗೆದು, ಒಂದೇ ಒಂದು ಚೂರು ಮುರಿದು, ಹಳೇ ಕುಡಿಕೆಯಲ್ಲಿ ಕೆಂಡ ಹಾಕಿ ಹಚ್ಚಿಕೊಂಡು, ಮುಂದೆ ಕೂತಿದ್ದಳು. ಮುಖ ಸಿಂಡರಿಸಲಿಲ್ಲ. ವೈದ್ಯರು ಎದೆಗೆ ಕಿವಿಯಿಟ್ಟು ಕೇಳುತ್ತಾರಲ್ಲ, ಹಾಗೆ ಕಣ್ಣು ಮುಚ್ಚಿ ಮೂಸುತ್ತಿದ್ದಳು. ನನ್ನನ್ನು ನೋಡಿ ಹೇಳಿದಳು:

“ಗಂಧ ಸರಿಯಾಗಿದೆ. ಕಸ್ತೂರಿ ಸರಿಯಾಗಿದೆ. ಕೈ ಅಳತೆ ಒಂದು ಚೂರೂ ತಪ್ಪಿಲ್ಲ. ಉಗುರು ಮಾತ್ರ ಬೆಂದಿಲ್ಲ. ಇದು ಅತ್ತೆಗೆ ಗೊತ್ತಾಗದೆ ಇರೋದೇ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ಆ ಜ್ವರದಿಂದ ಅವರಿಗೆ ಮೂಗು ಹೋಗಿದೆ, ಅಲ್ವಾ?”

ನಾನು ಆಣೆ ಮುರಿಯಲಿಲ್ಲ. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳಿಗೆ ಅಷ್ಟೇ ಸಾಕಾಯಿತು.

“ನಂಗೆ ಹೇಳಿದ್ರೆ ನಾನೇ ಮಡಕೆ ಪಕ್ಕ ಕೂರ್ತಿದ್ನಲ್ಲ” ಎಂದಳು. ನಿನ್ನನ್ನು ಬೈಯುವ ದನಿಯಲ್ಲೇ ಹೇಳಿದಳು, ಆದರೆ ಕುಡಿಕೆಯ ಬೂದಿಯನ್ನು ಬೆರಳಲ್ಲಿ ಸುಮ್ಮಸುಮ್ಮನೆ ಕೆದಕುತ್ತಿದ್ದಳು. ನಿನ್ನೆ ಮೀನಿನ ಕಟ್ಟೆಗೆ ತಾನೇ ಹೋಗಿ ಹೊಸ ಉಗುರು ತಂದು ನೆನೆಹಾಕಿದ್ದಾಳೆ. ಕಲಸಲು ಕೈ ಹಾಕಿಲ್ಲ. ಗಂಧದ ಪುಡಿ, ಅಗರು, ಕೇಸರಿ, ಸಕ್ಕರೆ, ಪನ್ನೀರು ಎಲ್ಲವನ್ನೂ ನೀನು ಕೂರುವ ಜಾಗದ ಮುಂದೆ ಸಾಲಾಗಿ ಇಟ್ಟಿದ್ದಾಳೆ. ಯಾಕೆ ಎಂದು ಕೇಳಿದರೆ, ಅಳತೆ ನನಗೆ ಬರಲ್ಲ ಎನ್ನುತ್ತಾಳೆ. ನಲವತ್ತು ದಿನ ಇಡಲು ಹೊತ್ತಿಲ್ಲ, ಒಂದೇ ದಿನದ ಧೂಪವಾದರೂ ಮೌಜಾ ಬೇಡ ಎನ್ನುವುದಿಲ್ಲ. ಹಿಂದಿನದನ್ನು ಹಿಡಿಸಿಕೊಂಡವಳಿಗೆ ಇನ್ನು ಯಾವುದರ ಭಯ?

ಅಮ್ಮ ಮತ್ರಹಕ್ಕೆ ಬಂದು ತಪ್ಪಾಯ್ತು ಅನ್ನುವುದಿಲ್ಲ. ಅನ್ನಲೂಬಾರದು, ಅವಳ ತಪ್ಪಿಲ್ಲ. ಒಣ ಶಾರ್ಕ್ ಹಿತ್ತಿಲ ಪಡಸಾಲೆಯಲ್ಲಿತ್ತು, ಡಬ್ಬ ಉಗ್ರಾಣದಲ್ಲಿತ್ತು, ನಿನಗೂ ಗೊತ್ತು. ಗುರುವಾರ ಬೆಳಿಗ್ಗೆ ಸುಹೈಲ್ ಬರುತ್ತಾನೆ. ಮುಂದಿನ ಸೀಟು ತೊಳೆದಿಡಲು ಹೇಳಿದ್ದೇನೆ. ಹತ್ತಿಬಿಡು. ಮನೆಗೆ ಬಂದು ಏನೂ ಮಾತಾಡಬೇಕಿಲ್ಲ. ಮಡಕೆಯ ಈ ಕಡೆ ನೀನು ಕೂರು, ಆ ಕಡೆ ಅಮ್ಮ ಕೂರಲಿ. ನೀನು ಕೇಳಬೇಕಾದ್ದನ್ನು ಅವಳನ್ನು ಕೇಳು.

ಹಿರಿಯರಿಗೆ ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಕತ್ತನ್ನು ಸ್ವಲ್ಪ ಬಗ್ಗಿಸಲಿ. ನಿನ್ನ ಹಾಸಿಗೆ ಒಗೆದು ಬಿಸಿಲಿಗೆ ಹಾಕಿದ್ದೇವೆ.

ನಿನ್ನ
ರಯ್ಯಾ

ಮ.ಮ.: ಈ ಕಾಗದವೂ ಮೀನಿನ ಟ್ರಕ್ಕಿನಲ್ಲೇ ಬರುತ್ತಿದೆ. ನಾರುತ್ತಿದೆಯೋ ಇಲ್ಲವೋ ಸಲೀಮಾ ಅತ್ತೆಯನ್ನು ಕೇಳು. ನನಗೂ ತಿಳಿಯುವುದಿಲ್ಲ.

ಆ ಜ್ವರದಿಂದಲೇ, ಅಜ್ಜಿ. ಕೋಣೆಯಲ್ಲಿ ಹನ್ನೆರಡನೆಯ ದಿನ ನೀನು ಪೆಟ್ಟಿಗೆಯಿಂದ ಅಜ್ಜನ ಮುಂಡಾಸು ತೆಗೆದು ಮುಖಕ್ಕೆ ಒತ್ತಿಕೊಂಡು, ಏನೂ ಸಿಗದೆ, ನನ್ನ ಕೈಗೆ ಕೊಟ್ಟೆಯಲ್ಲ. “ಅವರು ಇದ್ದಾರಾ ನೋಡು” ಅಂದೆ ನೀನು. ನಾನು ನೋಡಿದೆ. ಇದ್ದಾರೆ ಎಂದೆ, ಅಗರು, ಬೆವರು, ಚೂರು ದೋಣಿಯ ಎಣ್ಣೆ ಎಂದೆಲ್ಲ ಹೇಳಿದೆ. ಅಷ್ಟು ದಿನಗಳಲ್ಲಿ ಅಂದೇ ನೀನು ಮೊದಲು ನಕ್ಕದ್ದು. ಆಮೇಲೆ ನನ್ನ ಮೂಗು ಸರಿಯಿಲ್ಲ ಎಂದು ಹೇಳುವುದು ಹೇಗೆ? ಮಡಕೆಯ ಪಕ್ಕವೂ ಹಾಗೇ ಆಯಿತು.

ಬರುವಾಗ ಮುಂಡಾಸು ತಾ. ಅಮ್ಮನ ಕೈಗೆ ಕೊಡು. ಅವಳು “ಇದ್ದಾರೆ” ಎಂದರೆ ಇದ್ದಾರೆ.